ಲಾಲಸಾಬ ಕಾಕಾ ಹಚ್ಚಿದ ಕಿವಿಗಳು

ಅಂಗಳದಲ್ಲಿ ಕುಳಿತು ತೊಗರಿಬೇಳೆ ಕೇರುತ್ತಿದ್ದೆ. ಪಕ್ಕದ ಮನೆಯ ಗೌರಮ್ಮ ತನ್ನ ಕಟ್ಟೆಯಿಂದ ಇಳಿಯದೆಯೇ ಸುದ್ದಿ ಒಗೆದಳು.

"ಕೇಳಿದೇನಬೇ, ಲಾಲಸಾಬ ಅಂಗಡಿ ಬಂದ್ ಮಾಡಿ ಜೇವರ್ಗಿಗೆ ಹೊಂಟಾನಂತ. ಮಗಳ ಊರಿಗಿ. ನಾಳಿ ಮುಂಜಾನಿ ಬಸ್ಸಿಗೆ."

ನನ್ನ ಮೊರ ಒಂದು ಪಕ್ಕಕ್ಕೆ ವಾಲಿ, ಹೊಟ್ಟಿನ ಜೊತೆಗೆ ಒಂದು ಹಿಡಿ ಬೇಳೆಯೂ ನೆಲಕ್ಕೆ ಹೋಯಿತು. ಇರಲಿ, ಗುಬ್ಬಿಗಳ ಪಾಲು ಅವಕ್ಕೆ ಸೇರಿತು ಎಂದುಕೊಂಡೆ. ಶಿವ ಹಾಗೇ, ಯಾರಿಗೆ ಏನು ಮುಟ್ಟಬೇಕೋ ಯಾರದೋ ಮೊರ ವಾಲಿಸಿ ಮುಟ್ಟಿಸುತ್ತಾನೆ. ಆಮೇಲೆ ನನ್ನ ಕಣ್ಣು ಹೋದದ್ದು ಬಾಗಿಲಲ್ಲಿ ನಿಂತ ನಮ್ಮ ಕಾರಿನ ಕಡೆಗೆ. ಅದು ತನ್ನ ಎರಡೂ ಕಿವಿ ಮಡಚಿಕೊಂಡು, ಬೈಸಿಕೊಂಡ ಕರುವಿನ ಹಾಗೆ ನಿಂತಿತ್ತು.

ಕಿವಿ ಎಂದರೆ ಕಾರಿನ ಎರಡು ಬದಿಯ ಕನ್ನಡಿ. ಕೀಲಿ ಹಾಕಿದರೆ ತಾವಾಗಿ ಮಡಚಿಕೊಳ್ಳುತ್ತವೆ, ತೆಗೆದರೆ ತಾವಾಗಿ ಬಿಚ್ಚಿಕೊಳ್ಳುತ್ತವೆ. ದೊಡ್ಡ ಕಾರುಗಳಿಗೆ ಅವು ಹುಟ್ಟಿನಿಂದ ಬರುತ್ತವಂತೆ. ನಮ್ಮ ಹಳೆಯ ಸಣ್ಣ ಕಾರಿಗೆ ಲಾಲಸಾಬ ಕಾಕಾ ಕೈಯಿಂದ ಹಚ್ಚಿದರು. ಆಳಂದದ ಬಸ್‌ಸ್ಟ್ಯಾಂಡಿನ ಹಿಂದಿನ ಸಾಲಿನಲ್ಲಿ ಅವರ ಅಂಗಡಿ. ಗಾಡಿಗಳ ವಾಯರು, ಬ್ಯಾಟರಿ, ದೀಪ, ಹಾರ್ನು, ಇವಿಷ್ಟು ಅವರ ಲೋಕ.

ಲಾಲಸಾಬ ಕಾಕಾನನ್ನು ದೂರದಿಂದಲೇ ಗುರುತಿಸಬಹುದಿತ್ತು. ಮದರಂಗಿ ಹಚ್ಚಿದ ಕೆಂಪು ಗಡ್ಡ, ಬೇಸಿಗೆಯಲ್ಲೂ ತಲೆಗೆ ಉಣ್ಣೆಯ ಮಫ್ಲರ್. ಕೊರಳಲ್ಲಿ ಕರೆಂಟು ಪರೀಕ್ಷೆ ಮಾಡುವ ಪುಟ್ಟ ಬಲ್ಬು, ವಾಯರಿನ ಸಮೇತ. ತಪ್ಪು ತಿಳಿಯಬೇಡಿ, ನಾವು ಲಿಂಗವನ್ನು ಕಾಪಾಡಿಕೊಳ್ಳುವಷ್ಟೇ ಜತನದಿಂದ ಅವರು ಆ ಬಲ್ಬನ್ನು ಕಾಪಾಡಿಕೊಳ್ಳುತ್ತಿದ್ದರು. ಉಣ್ಣುವಾಗ ಅದನ್ನು ಬೆನ್ನಿಗೆ ಹಾಕಿಕೊಳ್ಳುತ್ತಿದ್ದರು, ಸಾರು ತಾಗಬಾರದೆಂದು.

ಗಾಡಿಯ ಮಾಲೀಕರ ಜೊತೆ ಕನ್ನಡದಲ್ಲಿ ಮಾತಾಡುತ್ತಿದ್ದರು, ಗಾಡಿಯ ಜೊತೆ ಉರ್ದುವಿನಲ್ಲಿ. ಯಾಕೆ ಕಾಕಾ ಎಂದು ಒಮ್ಮೆ ಕೇಳಿದ್ದೆ.

"ಗಾಡಿಗಿ ಕನ್ನಡದಾಗ ಬೈದ್ರ ಮಾಲಕರಿಗೆ ತಿಳೀತದ ಬೇಟಿ," ಎಂದರು. "ಅವರ ಮನಸ ಯಾಕ ನೋಯಿಸಬೇಕು?"

ಯಾವ ಗಾಡಿಗೆ ಏನು ಕೆಲಸ ಮಾಡಿದರೂ ಕೊನೆಗೆ ಅದರ ಕನ್ನಡಿಯಲ್ಲಿ ಒಮ್ಮೆ ಗಡ್ಡ ಬಾಚಿಕೊಳ್ಳುತ್ತಿದ್ದರು. ಲಾರಿ ಇರಲಿ, ಆಟೋ ಇರಲಿ, ಬಾಚಣಿಕೆ ಜೇಬಿನಿಂದ ಬರಲೇಬೇಕು. ಗಡ್ಡ ಬಾಚಿಯಾಯಿತೆಂದರೆ ಕೆಲಸ ಮುಗಿಯಿತೆಂದು ಅರ್ಥ. ಆಮೇಲೆ ಯಾರೂ ಏನೂ ಕೇಳುವಂತಿಲ್ಲ.

ಇಂಥವರು ನಮ್ಮ ಮನೆಗೆ ಬಂದದ್ದು ನಮ್ಮ ಅತ್ತೆಯ ಮೊಣಕಾಲಿನ ದೆಸೆಯಿಂದ.

ನಮ್ಮದು ಗಲ್ಲಿಯ ಕಟ್ಟಕಡೆಯ ಮನೆ. ಮನೆಯ ಮುಂದೆ ಕಾರು ನಿಲ್ಲಲು, ತಿರುಗಲು ಜಾಗ ಇದೆ. ಆದರೆ ಅಲ್ಲಿಗೆ ಬರುವ ದಾರಿಯಲ್ಲಿ ಒಂದು ಕಡೆ ಗೌರಮ್ಮನ ಗೋಡೆ, ಇನ್ನೊಂದು ಕಡೆ ಕರೆಂಟಿನ ಕಂಬ. ಕಾರು ಅವೆರಡರ ನಡುವೆ ನುಸುಳಬೇಕಾದರೆ ಉಸಿರು ಹಿಡಿದುಕೊಂಡೇ ನುಸುಳಬೇಕು. ನಮ್ಮನೆಯವರು ನರೋಣಾ ಶಾಲೆಯಲ್ಲಿ ಮಾಸ್ತರು. ಊರ ಮಕ್ಕಳ ಹೆಸರೆಲ್ಲ ನೆನಪಿರುತ್ತವೆ, ಕಾರಿನ ಕನ್ನಡಿ ಕೈಯಿಂದ ಮಡಚಬೇಕೆಂಬುದು ಮಾತ್ರ ನೆನಪಿರುವುದಿಲ್ಲ. ಒಂದು ಸಲ ಎಡಗಡೆಯದು ಕಂಬಕ್ಕೆ ಹೋಯಿತು, ಇನ್ನೊಂದು ಸಲ ಬಲಗಡೆಯದು ಗೌರಮ್ಮನ ಗೋಡೆಗೆ. ಕನ್ನಡಿ ಹೋಯಿತು, ಗೋಡೆ ಉಳಿಯಿತು, ಗೌರಮ್ಮನ ಬಾಯಿಯಿಂದ ನಾವೂ ಉಳಿದೆವು. ಅದಕ್ಕೇ ದೇವರಿಗೆ ಕೈಮುಗಿದೆ. ಅಂದಿನಿಂದ ಕಾರು ಗಲ್ಲಿಯ ಬಾಯಲ್ಲೇ, ಹಣಮಪ್ಪನ ಗುಡಿಯ ಹತ್ತಿರ ನಿಲ್ಲತೊಡಗಿತು.

ಅದೇ ಹೊತ್ತಿಗೆ ಅತ್ತೆಯ ಎಡಮೊಣಕಾಲು ಕೈಕೊಟ್ಟಿತು. ಹೊಸ್ತಿಲಿನಿಂದ ಅಂಗಳಕ್ಕೆ ಬರುವುದೇ ದೊಡ್ಡ ಯಾತ್ರೆ. ಗಲ್ಲಿಯ ಬಾಯಿತನಕ ಹೋಗುವುದಂತೂ ಆಗದ ಮಾತು. ಅವರಿಗೆ ಇದ್ದ ಆಸೆ ಒಂದೇ. ಅತನೂರಿನಲ್ಲಿರುವ ಅವರ ಅಕ್ಕ ನಿಂಗಮ್ಮನನ್ನು ಒಮ್ಮೆ ನೋಡಬೇಕು. ನಿಂಗಮ್ಮ ದೊಡ್ಡವ್ವನಿಗೆ ಕಿವಿ ಕೇಳಿಸುವುದಿಲ್ಲ, ಹಾಗಾಗಿ ಫೋನಿನಲ್ಲಿ ಮಾತಾಡುವಂತಿಲ್ಲ. ಅವರಿಗೂ ಕಾಲು ನೋವು, ಇಲ್ಲಿಗೆ ಬರುವಂತಿಲ್ಲ. ಅಕ್ಕತಂಗಿಯರು ಒಬ್ಬರ ಮುಖ ಒಬ್ಬರು ನೋಡದೆ ಎಷ್ಟೋ ದಿನವಾಗಿತ್ತು. ಅತ್ತೆ ಪೂಜೆಗೆ ಕೂತಾಗ ವಿಭೂತಿ ಹಚ್ಚಿಕೊಳ್ಳುತ್ತ, "ಶಿವನೇ, ನಿಂಗಕ್ಕನ್ನ ಒಂದ್ಸಲ ತೋರಸಪ್ಪಾ" ಎನ್ನುತ್ತಿದ್ದುದು ಅಡುಗೆಮನೆಗೂ ಕೇಳಿಸುತ್ತಿತ್ತು.

"ಕುರ್ಚಿ ಮ್ಯಾಲ ಕುಂದರಿಸಿ ಗುಡಿ ತನಕ ಹೊತ್ಕೊಂಡ ಹೋಗ್ತೀವಿ," ಎಂದರು ನಮ್ಮನೆಯವರು.

"ಹೊತ್ಕೊಂಡ ಹೋಗೂ ದಿನ ಬಂದಾಗ ನಾ ಏನೂ ಅನ್ನಾಂಗಿಲ್ಲ," ಎಂದರು ಅತ್ತೆ. "ಜೀವ ಇರೂ ತನಕ ಗಾಡಿ ಬಾಗಲಿಗಿ ಬರಬೇಕು."

ಹೀಗಾಗಿ ನಮ್ಮನೆಯವರು ತಾವಾಗಿ ಮಡಚುವ ಕನ್ನಡಿಗಳನ್ನು ಫೋನಿನಲ್ಲಿ ನೋಡಿ ತರಿಸಿದರು. ಪೆಟ್ಟಿಗೆ ಬಂತು. ಅದರೊಳಗೆ ಎರಡು ಕನ್ನಡಿ, ಶಾವಿಗೆಯ ಹಾಗೆ ಸುತ್ತಿಕೊಂಡ ವಾಯರುಗಳು, ಬೆಂಕಿಪೆಟ್ಟಿಗೆಯಷ್ಟು ದೊಡ್ಡದೊಂದು ಕರಿ ಡಬ್ಬಿ, ಮತ್ತೆ ಹೇಗೆ ಹಚ್ಚಬೇಕೆಂದು ಚಿತ್ರ ಬರೆದ ಒಂದು ಹಾಳೆ. ಲಾಲಸಾಬ ಕಾಕಾ ಹಾಳೆಯನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿ, ಮಡಚಿ, ಅದರ ಮೇಲೆ ಚಹಾದ ಬಸಿ ಇಟ್ಟರು.

"ಇದು ಅವರ ಗಾಡೀದು ಮಾಸ್ತರ್. ನಮ್ಮ ಗಾಡಿ ಆಳಂದದ ನೀರು ಕುಡದದ. ಇದರ ಸ್ವಭಾವ ಬ್ಯಾರೆ."

ಕೆಲಸ ಗುಡಿಯ ಹತ್ತಿರವೇ ಸುರುವಾಗಿ, ಕಾರು ಕಿವಿಯಿಲ್ಲದೆ ಮೆಲ್ಲಗೆ ಗಲ್ಲಿ ದಾಟಿ ಮನೆಯ ಮುಂದೆ ಬಂದು ನಿಂತಿತು. ಅತ್ತೆ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕುಳಿತರು. ಕಾಕಾ ಬಾಗಿಲಿನ ಒಳಗಿನ ಹಲಗೆ ಬಿಚ್ಚಿದಾಗ ಅದರೊಳಗಿಂದ ನಾಲ್ಕಾರು ಶೇಂಗಾ ಸಿಪ್ಪೆ, ಒಂದು ಬಸ್ ಚೀಟಿ, ನಾನು ಎಲ್ಲೆಲ್ಲೋ ಹುಡುಕಿ ಕೈಬಿಟ್ಟಿದ್ದ ಕಿವಿಯೋಲೆಯ ತಿರುಪು ಸಿಕ್ಕಿದವು. ಕಾರಿಗೆ ಕಿವಿ ಹಚ್ಚಲು ಹೋಗಿ ನನ್ನ ಕಿವಿಯದು ಮರಳಿ ಬಂತು. ಅಂದು ಸಂಜೆ ದೇವರ ಮುಂದೆ ಇನ್ನೊಂದು ಬತ್ತಿ ಹೆಚ್ಚಿಗೆ ಹಚ್ಚಿದೆ.

ವಾಯರುಗಳನ್ನು ಬಿಡಿಸುತ್ತ ಕಾಕಾ ಅತ್ತೆಗೆ ಪಾಠ ಹೇಳತೊಡಗಿದರು.

"ಅಕ್ಕಾರ, ಕೆಂಪು ವಾಯರ್ ಅಂದ್ರ ಅಳಿಯ. ಕರೀದು ಅತ್ತಿ. ಇಬ್ಬರೂ ಒಂದ ಮನ್ಯಾಗ ಇರಬೇಕು, ಆದ್ರ ಮೈ ಮುಟ್ಟಬಾರ್ದು. ಮುಟ್ಟಿದ್ರ ಬೆಂಕಿ."

"ಮತ್ತ ಈ ಸಣ್ಣ ಗಾಜಿಂದು?" ಎಂದರು ಅತ್ತೆ, ಫ್ಯೂಸನ್ನು ತೋರಿಸಿ.

"ಅದು ಮಗಳು. ನಡುವ ಕೂತಿರ್ತಾಳ. ಜಗಳ ಹತ್ತಿದ್ರ ಮೊದಲ ಸುಡೋದು ಆಕೀನ."

"ಸೊಸಿ ವಾಯರ್ ಯಾವದಪ್ಪಾ?"

ಕಾಕಾ ಒಮ್ಮೆ ನನ್ನ ಕಡೆ ನೋಡಿದರು, ಒಮ್ಮೆ ಅತ್ತೆಯ ಕಡೆ. "ಸೊಸಿ ವಾಯರ್ ಹೊರಗ ಕಾಣಂಗಿಲ್ರಿ. ಒಳಗ ಇರ್ತದ. ಆದ್ರ ಅದೊಂದು ಕಿತ್ತಿತಂದ್ರ ಇಡೀ ಗಾಡಿ ಬಂದ್."

ಅವತ್ತಿನ ಚಹಾಕ್ಕೆ ನಾನು ಒಂದು ಚಮಚ ಸಕ್ಕರೆ ಜಾಸ್ತಿ ಹಾಕಿದೆ.

ಇಷ್ಟೆಲ್ಲ ಸಂಬಂಧ ತಿಳಿದವರು ಒಂದು ಸಂಬಂಧದಲ್ಲಿ ಎಡವಿದರು. ಕಾರಿಗೆ ಕೀಲಿ ಹಾಕಿದ್ದು ಕನ್ನಡಿಗೆ ಯಾರಾದರೂ ಹೇಳಬೇಕಲ್ಲ? ನಮ್ಮ ಕಾರು ಕೀಲಿ ಹಾಕಿದಾಗ ಒಮ್ಮೆ, ತೆಗೆದಾಗ ಒಮ್ಮೆ ಹಾರ್ನಿನಲ್ಲಿ "ಪೀಂ" ಅನ್ನುತ್ತದೆ. ಕಾಕಾ ಅದನ್ನು ಕೇಳಿ ತಲೆದೂಗಿದರು. ಕೀಲಿಯ ಸುದ್ದಿ ಗೊತ್ತಿರುವುದು ಹಾರ್ನಿಗೆ, ಆದ್ದರಿಂದ ಹಾರ್ನಿನ ವಾಯರೇ ಕನ್ನಡಿಗೂ ಸುದ್ದಿ ಹೇಳಲಿ ಎಂದು ಎರಡನ್ನೂ ಕೂಡಿಸಿಬಿಟ್ಟರು. ಕೀಲಿ ಹಾಕಿದರು. ಪೀಂ. ಎರಡೂ ಕಿವಿ ಮೆಲ್ಲಗೆ ಮಡಚಿದವು. ತೆಗೆದರು. ಪೀಂ. ಬಿಚ್ಚಿದವು. ಅತ್ತೆ ಚಪ್ಪಾಳೆ ತಟ್ಟಿದರು. ಗೌರಮ್ಮ ಕಟ್ಟೆಯಿಂದ ಇಳಿದು ಬಂದು ನೋಡಿದಳು, ಅದೇ ಒಂದು ವಿಶೇಷ. ಕಾಕಾ ಹೊಸ ಕನ್ನಡಿಯಲ್ಲಿ ಗಡ್ಡ ಬಾಚಿಕೊಂಡು ಹೋದರು.

ಹಾರ್ನನ್ನು ಮಾತ್ರ ಯಾರೂ ಒತ್ತಿ ನೋಡಲಿಲ್ಲ. ಅಷ್ಟರಲ್ಲಿ ಗೌರಮ್ಮ ಒಳಗೆ ಹೋಗಿ ಮಧ್ಯಾಹ್ನದ ನಿದ್ದೆಗೆ ಮಲಗುವ ಹೊತ್ತಾಗಿತ್ತು. ಆ ಹೊತ್ತಿನಲ್ಲಿ ನಮ್ಮ ಗಲ್ಲಿಯಲ್ಲಿ ಹಾರ್ನು ಹೊಡೆಯುವ ಧೈರ್ಯ ಯಾರಿಗೂ ಇಲ್ಲ.

ಮರುದಿನ ಬೆಳಿಗ್ಗೆ ಅತನೂರಿಗೆ ಹೊರಟೆವು. ಅತ್ತೆ ಇಳಕಲ್ ಸೀರೆ ಉಟ್ಟು, ಅಕ್ಕನಿಗೆಂದು ಶೇಂಗಾ ಹೋಳಿಗೆಯ ಡಬ್ಬಿ ತೊಡೆಯ ಮೇಲೆ ಇಟ್ಟುಕೊಂಡು, ಹಿಂದಿನ ಸೀಟಿನಲ್ಲಿ ಮದುವಣಗಿತ್ತಿಯ ಹಾಗೆ ಕುಳಿತರು. ಒಳಗೆ ಕುಳಿತೇ ಕೀಲಿ ಹಾಕಿ ಕಿವಿ ಮಡಚಿಸಿದ ಕಾರು ಕಂಬ, ಗೋಡೆ ಎರಡನ್ನೂ ದಾಟಿ ಬಂತು. ಕಿವಿ ಬಿಚ್ಚಿಕೊಂಡು ದೊಡ್ಡ ರಸ್ತೆಗೆ ಇಳಿಯುವಾಗ ಹಣಮಪ್ಪನ ಗುಡಿ ಬಂತು. ನಮ್ಮ ಕಡೆ ಗಾಡಿ ನಡೆಸುವವರು ಗುಡಿಯ ಮುಂದಾಗಲಿ ದರ್ಗಾದ ಮುಂದಾಗಲಿ ಹಾಯುವಾಗ ಹಾರ್ನನ್ನು ಸಣ್ಣಗೆ ಒಮ್ಮೆ ಒತ್ತುತ್ತಾರೆ. ಕೈ ಸ್ಟೇರಿಂಗಿನ ಮೇಲಿರುತ್ತದಲ್ಲ, ಮುಗಿಯಲು ಬರುವುದಿಲ್ಲ, ಅದಕ್ಕೆ ಅದು ಅವರ ನಮಸ್ಕಾರ. ನಮ್ಮನೆಯವರೂ ಒತ್ತಿದರು.

ಎರಡೂ ಕಿವಿ ಮಡಚಿದವು.

ನಮ್ಮನೆಯವರಿಗೆ ಹಿಂದೆ ಏನು ಬರುತ್ತಿದೆಯೋ ಕಾಣದಾಯಿತು. ಗಾಬರಿಗೆ ಮತ್ತೆ ಒತ್ತಿದರು. ಬಿಚ್ಚಿದವು. ಅನುಮಾನ ಬಂದು ಇನ್ನೊಮ್ಮೆ ಒತ್ತಿದರು. ಮಡಚಿದವು. ಗುಡಿಯ ಪೂಜಾರಿ ಹೊರಗೆ ಬಂದು, ಯಾರಪ್ಪ ಇಷ್ಟು ಭಕ್ತಿಯವರು ಎಂದು ನೋಡಿದ. ಕಾರು ನಿಲ್ಲಿಸಿ ಕಾಕಾಗೆ ಫೋನು ಹಚ್ಚಿದರು. ಕಾಕಾ ಯಾವುದೋ ಮದುವೆಗೆ ನರೋಣಾಕ್ಕೆ ಹೋಗಿದ್ದರು. ಹಿಂದೆ ಬ್ಯಾಂಡು ಬಾರಿಸುತ್ತಿತ್ತು. ಎಲ್ಲ ಕೇಳಿಸಿಕೊಂಡು ಬ್ಯಾಂಡಿನಿಂದ ದೂರ ಸರಿದರು.

"ಮಾಸ್ತರ್, ಒಂದ ಕೆಲಸ ಮಾಡ್ರಿ. ಹಾರ್ನ್ ಹೊಡೀಬ್ಯಾಡ್ರಿ."

"ಆಳಂದದಿಂದ ಅತನೂರ ತನಕ ಹಾರ್ನ್ ಹೊಡೀದೇ ಯಾರರೇ ಹೋಗ್ಯಾರೇನು ಕಾಕಾ?"

"ಇಲ್ರಿ," ಎಂದರು ಕಾಕಾ. "ನೀವ ಮೊದಲನೇದವರು."

ತಿರುಗಿ ಮನೆಗೆ ಹೋಗೋಣ, ಕಾಕಾ ಬಂದು ಸರಿ ಮಾಡಿದ ಮೇಲೆ ಹೊರಡೋಣ ಎಂದರು ನಮ್ಮನೆಯವರು. ಅತ್ತೆ ಹೋಳಿಗೆಯ ಡಬ್ಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡರು.

"ಹೊಸ್ತಿಲ ದಾಟೀನಿ. ಈಗ ತಿರುಗಿಸಿದ್ರ ಮತ್ತ ನಾ ಹೊರಗ ಬರಾಂಗಿಲ್ಲ ನೋಡು. ಹಾರ್ನಿನ ಚಿಂತಿ ನಿಂಗ ಯಾಕ? ನಾ ಅದೀನಿ."

ನಮ್ಮನೆಯವರು ಇನ್ನೊಮ್ಮೆ ಒತ್ತಿ ಕಿವಿ ಬಿಚ್ಚಿಸಿ ಗಾಡಿ ಬಿಟ್ಟರು. ಅತ್ತೆ ಹೇಳಿದಂತೆಯೇ ಇದ್ದರು. ಹಿಂದಿನ ಕಿಟಕಿಯ ಗಾಜು ಪೂರಾ ಇಳಿಸಿ, ತಲೆಯ ಸೆರಗು ಸರಿಮಾಡಿಕೊಂಡು, ಅಫಜಲಪುರದ ದಾರಿಯುದ್ದಕ್ಕೂ ನಮ್ಮ ಅತ್ತೆಯೇ ಹಾರ್ನು. ಎಮ್ಮೆ ಬಂದರೆ, "ಏ ಸರಿಯವ್ವಾ, ಸರಿ." ಸೈಕಲ್ಲು ಬಂದರೆ, "ಲೇ ತಮ್ಮಾ, ಬದಿಗಿ ಹೋಗು, ಹಿಂದ ನಾವು ಬರಾಕತ್ತೇವಿ." ಒಬ್ಬ ಮೋಟರ್‌ಸೈಕಲ್ಲಿನವನು ಬದಿಗೆ ಸರಿದು, "ಎಲ್ಲಿಗಿ ಹೊಂಟೀರಿ ಆಯಿ?" ಎಂದು ಕೇಳಿದ. ಅವನಿಗೆ ಅಕ್ಕನ ಊರು, ಅಕ್ಕನ ಕಾಲು, ತಮ್ಮ ಕಾಲು ಎಲ್ಲ ಹೇಳಿದರು. ಅವನು ಕೇಳುತ್ತ ಒಂದಷ್ಟು ದೂರ ಪಕ್ಕದಲ್ಲೇ ಬಂದ. ಯಾವ ಹಾರ್ನಿಗೆ ಇಷ್ಟು ಮರ್ಯಾದೆ ಸಿಗುತ್ತದೆ ಹೇಳಿ.

ಕಬ್ಬಿನ ಟ್ರ್ಯಾಕ್ಟರು ಮಾತ್ರ ಅತ್ತೆಗೂ ಬಗ್ಗಲಿಲ್ಲ. ಅದರ ಹಾಡಿನ ಪೆಟ್ಟಿಗೆಯ ಸದ್ದಿನ ಮುಂದೆ ಅತ್ತೆಯ ಗಂಟಲು ಸೋತಿತು. ನಮ್ಮನೆಯವರು ಶಿವನಾಮ ನೆನೆದು ಹಾರ್ನು ಒತ್ತಿದರು, ತಕ್ಷಣ ಇನ್ನೊಮ್ಮೆ ಒತ್ತಿದರು. ಕಿವಿಗಳು ಮಡಚಿ ಬಿಚ್ಚಿದವು. ಟ್ರ್ಯಾಕ್ಟರಿನವನು ತಿರುಗಿ ನೋಡಿದ, ಕಣ್ಣುಜ್ಜಿಕೊಂಡ, ಬದಿಗೆ ಸರಿದು ಪೂರಾ ನಿಲ್ಲಿಸಿಯೇಬಿಟ್ಟ. ನಾವು ಹಾಯುವಾಗ ಅವನೂ ಕೈಯೆತ್ತಿ ಮುಗಿದ. ಗಾಡಿ ತನಗೆ ಶರಣು ಮಾಡಿತು ಎಂದೇ ಅವನು ತಿಳಿದದ್ದು.

ಅತನೂರು ಮುಟ್ಟಿದಾಗ ಅತ್ತೆಯ ಗಂಟಲು ಪೂರಾ ಕಟ್ಟಿತ್ತು. ನಿಂಗಮ್ಮ ದೊಡ್ಡವ್ವ ಬಾಗಿಲಲ್ಲೇ ಕುಳಿತಿದ್ದರು. ಮಾತು ಹೊರಡದ ತಂಗಿ, ಮಾತು ಕೇಳಿಸದ ಅಕ್ಕ. ಅತ್ತೆ ಪಕ್ಕದಲ್ಲಿ ಕುಳಿತು ಅಕ್ಕನ ಕೈ ಹಿಡಿದುಕೊಂಡರು. ಬಹಳ ಹೊತ್ತು ಬಿಡಲಿಲ್ಲ. ಆಮೇಲೆ ತಮ್ಮ ಎಡಮೊಣಕಾಲು ಮುಟ್ಟಿ ತೋರಿಸಿದರು. ದೊಡ್ಡವ್ವ ತಮ್ಮ ಬಲಮೊಣಕಾಲು ಮುಟ್ಟಿ ತೋರಿಸಿ, ಓಣಿಗೆಲ್ಲ ಕೇಳುವಂತೆ ಹೇಳಿದರು:

"ನಿಂದು ಎಡ ಹೋಗೇದ, ನಂದು ಬಲ ಹೋಗೇದ. ಇಬ್ಬರನ್ನೂ ಕೂಡಿಸಿದ್ರ ಒಬ್ಬಾಕಿ ಚಲೋ ಹೆಣ್ಣಮಗಳು ಆಗ್ತಾಳ."

ಇಬ್ಬರೂ ಹೆಗಲಿಗೆ ಹೆಗಲು ತಾಗಿಸಿ ನಕ್ಕರು. ನಗುತ್ತ ನಗುತ್ತ ಅತ್ತರು. ನಾನು ನೀರು ತರುವ ನೆವದಿಂದ ಒಳಗೆ ಹೋದೆ.

ಹೊರಡುವಾಗ ದೊಡ್ಡವ್ವನಿಗೆ ಎದ್ದು ರಸ್ತೆಯತನಕ ಬರಲು ಆಗಲಿಲ್ಲ. ಬಾಗಿಲಲ್ಲೇ ಕುಳಿತು ನೋಡುತ್ತಿದ್ದರು. ಅತ್ತೆ ಕಾರಿನೊಳಗಿಂದ ಏನೋ ಹೇಳಲು ಬಾಯಿ ತೆರೆದರು, ದನಿ ಬರಲಿಲ್ಲ. ಬಂದಿದ್ದರೂ ಕೇಳುತ್ತಿರಲಿಲ್ಲ. ಮಗನ ಹೆಗಲು ತಟ್ಟಿ ಹಾರ್ನಿನ ಕಡೆ ಬೆರಳು ಮಾಡಿದರು. ನಮ್ಮನೆಯವರು ಎರಡು ಸಲ ಒತ್ತಿದರು. ಕಾರು ಎರಡೂ ಕಿವಿ ಮಡಚಿತು, ಬಿಚ್ಚಿತು. ದೊಡ್ಡವ್ವನ ಬೊಚ್ಚುಬಾಯಿ ಅಗಲವಾಯಿತು. ಎರಡೂ ಕೈ ಎತ್ತಿ ಕಾರಿಗೆ ಮುಗಿದರು.

ಅಂದಿನಿಂದ ಲಾಲಸಾಬ ಕಾಕಾ ನಮ್ಮನೆಯವರನ್ನು ಎಲ್ಲಿ ಕಂಡರೂ, "ಗಾಡಿ ತರ್ರಿ ಮಾಸ್ತರ್, ಆ ವಾಯರ್ ಬದಲಿ ಮಾಡ್ತೀನಿ" ಎನ್ನುತ್ತಿದ್ದರು. ಇವರು ಹೂಂ ಎನ್ನುತ್ತಿದ್ದರು. ಮನೆಯಲ್ಲಿ ಅತ್ತೆ ಊಹೂಂ ಎನ್ನುತ್ತಿದ್ದರು. ಹೀಗೆ ಆ ಕೆಲಸ ಉಳಿದುಕೊಂಡಿತು. ಇಷ್ಟರೊಳಗೆ ಅತನೂರಿಗೆ ಇನ್ನೂ ಕೆಲವು ಸಲ ಹೋಗಿ ಬಂದೆವು. ಪ್ರತಿ ಸಲವೂ ಹಾರ್ನಿನ ಕೆಲಸ ಅತ್ತೆಯದೇ.

ಗೌರಮ್ಮ ಸುದ್ದಿ ಹೇಳಿದ ಆ ಮಧ್ಯಾಹ್ನ ನಾನಿನ್ನೂ ಬೇಳೆ ಕೇರಿ ಮುಗಿಸಿರಲಿಲ್ಲ. ಗಲ್ಲಿಯಲ್ಲಿ ಕೆಂಪು ಗಡ್ಡ ಕಾಣಿಸಿತು. ಹೆಗಲಿಗೆ ಸಾಮಾನಿನ ಚೀಲ, ಕೊರಳಲ್ಲಿ ಬಲ್ಬು.

"ನಾಳಿ ಹೊಂಟೀನಿ ಬೇಟಿ. ಅಂಗಡಿ ಖಾಲಿ ಮಾಡೀನಿ. ಇದೊಂದು ಕೆಲಸ ಉಳದದ. ಇದನ್ನ ಸರಿ ಮಾಡಿ ಹೋಗ್ತೀನಿ."

ಒಳಗಿನಿಂದ ಅತ್ತೆ ಗೋಡೆ ಹಿಡಿದುಕೊಂಡು ಬಂದರು. "ಏ ಲಾಲಸಾಬಾ, ಅದನ್ನ ಮುಟ್ಟಬ್ಯಾಡ."

"ಅಕ್ಕಾರ, ನನ್ನ ಇಜ್ಜತ್ತಿನ ಸವಾಲು ಅದ. ಅಲ್ಲಿ ಜೇವರ್ಗ್ಯಾಗ ನಮಾಜಿಗಿ ಕುಂತ್ರ ಕಣ್ಣಮುಂದ ನಿಮ್ಮ ಗಾಡಿ ಬಂದು ಕಿವಿ ಮಡಚತದ. ಹೆಂಗ ಕುಂದರಲಿ?"

"ನಿನ್ನ ಇಜ್ಜತ್ತು ನನ್ನ ಮ್ಯಾಲ ಇರಲಿ. ನಮ್ಮಕ್ಕಗ ಹಾರ್ನ್ ಕೇಳಂಗಿಲ್ಲ ತಮ್ಮಾ. ಬಾಗಲದಾಗ ಕುಂತು ಹಾದಿ ನೋಡ್ತಾಳ. ದಾರ್ಯಾಗ ಎಷ್ಟೋ ಬಿಳಿ ಗಾಡಿ ಬರ್ತಾವ, ಯಾವದು ನಮ್ಮದು ಅಂತ ಆಕಿಗಿ ಹೆಂಗ ತಿಳೀಬೇಕು? ಕಿವಿ ಮಡಚಿದ್ರ ತಿಳೀತದ, ತಂಗಿ ಬಂದಾಳಂತ. ನೀ ಸರಿ ಮಾಡಿದ್ರ ಆಕಿ ಪಾಲಿಗಿ ನಾ ಬಂದಂಗ ಆಗಂಗಿಲ್ಲ."

ಕಾಕಾ ಚೀಲ ಕೆಳಗಿಟ್ಟರು. ಮಫ್ಲರ್ ಬಿಚ್ಚಿ ಮತ್ತೆ ಸುತ್ತಿಕೊಂಡರು. ಅವರು ಯೋಚನೆ ಮಾಡುತ್ತಿದ್ದಾರೆ ಎಂದರೆ ಹಾಗೆ. ರಜೆಯೆಂದು ಮನೆಯಲ್ಲೇ ಇದ್ದ ನಮ್ಮನೆಯವರು ಹೊರಗೆ ಬಂದು ಮೆಲ್ಲಗೆ, "ಆದ್ರ ಅವ್ವಾ, ಹಾರ್ನ್ ಇಲ್ದೇ ನಾ ಎಷ್ಟ ದಿನ ಗಾಡಿ ಹೊಡೀಲಿ?" ಎಂದರು. ಆ ಮಾತೂ ಸುಳ್ಳಲ್ಲ. ಕೂಗಲು ಅತ್ತೆ ಜೊತೆಗಿರುವುದಿಲ್ಲವೆಂದು ಅವರು ನರೋಣಾದ ಶಾಲೆಗೆ ಬಸ್ಸಿನಲ್ಲೇ ಹೋಗುತ್ತಿದ್ದರು.

ಕಾಕಾನ ಕಣ್ಣು ನಮ್ಮ ತಲೆಬಾಗಿಲಿನ ಚೌಕಟ್ಟಿನ ಮೇಲೆ ನಿಂತಿತು. ಅಲ್ಲಿ ಮನೆ ಕಟ್ಟಿಸಿದಾಗ ಹಾಕಿಸಿದ ಬೆಲ್ಲಿನ ಬಟನ್ ಇತ್ತು, ಮೇಲೊಂದು ಪುಟ್ಟ ಗಂಟೆಯ ಚಿತ್ರ. ಅದನ್ನು ಇದುವರೆಗೆ ಯಾರೂ ಒತ್ತಿದ್ದು ನನಗೆ ನೆನಪಿಲ್ಲ. ನಮ್ಮ ಗಲ್ಲಿಯವರು "ಅದೀರೇನ್ರಿ" ಎಂದು ಕೂಗುವಷ್ಟರಲ್ಲಿ ಅಡುಗೆಮನೆಗೇ ಬಂದಿರುತ್ತಾರೆ.

"ಇದು ನಿಮಗ ಬೇಕೇನ್ರಿ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಬಿಚ್ಚತೊಡಗಿದರು.

ನಾನು ಚಹಾ ಮಾಡಿ ತರುವಷ್ಟರಲ್ಲಿ ಆ ಬಟನ್ ಕಾರಿನ ಸ್ಟೇರಿಂಗಿನ ಪಕ್ಕ ಹೋಗಿ ಕುಳಿತಿತ್ತು. ಅದನ್ನು ಒತ್ತಿದರೆ ಬರೀ ಹಾರ್ನು. ಹಳೆಯ ಜಾಗದಲ್ಲಿ ಒತ್ತಿದರೆ ಹಾರ್ನು, ಜೊತೆಗೆ ಕಿವಿ.

"ಎಮ್ಮಿಗಿ ಇದು," ಎಂದು ಗಂಟೆಯ ಬಟನ್ ತೋರಿಸಿದರು. "ದೇವರಿಗಿ, ನಿಂಗಮ್ಮಕ್ಕಗ ಅದು. ಅದಲು ಬದಲು ಮಾಡಬ್ಯಾಡ್ರಿ ಮಾಸ್ತರ್, ಎಮ್ಮಿ ತಿರುಗಿ ಶರಣು ಮಾಡಾಂಗಿಲ್ಲ."

ಅತ್ತೆ ನಕ್ಕರು. ಆದರೆ ಇನ್ನು ಮೇಲೆ ದಾರಿಯುದ್ದಕ್ಕೂ ಕೂಗುವ ಕೆಲಸ ತಮಗಿಲ್ಲವೆಂದು ತಿಳಿದು ಅವರ ಮುಖ ಕೊಂಚ ಸಣ್ಣದೂ ಆಯಿತು. ಕಾಕಾ ಅದನ್ನು ನೋಡಿದರು. "ಕಬ್ಬಿನ ಟ್ರ್ಯಾಕ್ಟರಿಗಿ ಇದ ಸಾಲಂಗಿಲ್ರಿ ಅಕ್ಕಾರ," ಎಂದರು. "ಅದಕ್ಕ ನೀವ ಬೇಕು."

ಬಾಚಣಿಕೆ ಹೊರಗೆ ಬಂತು. ಬಲಗಡೆಯ ಕನ್ನಡಿಯಲ್ಲಿ ಬಗ್ಗಿ ಗಡ್ಡ ಬಾಚಿಕೊಂಡರು. ಎಂದಿಗಿಂತ ಸ್ವಲ್ಪ ಹೆಚ್ಚು ಹೊತ್ತು ಬಾಚಿಕೊಂಡರು. ಚಹಾ ಕುಡಿದು, ನಾನು ಕಟ್ಟಿಕೊಟ್ಟ ಶೇಂಗಾ ಹಿಂಡಿಯ ಪೊಟ್ಟಣವನ್ನು ಚೀಲದಲ್ಲಿ ವಾಯರುಗಳ ನಡುವೆ ಜೋಪಾನವಾಗಿಟ್ಟು ಹೊರಟರು. ಗೌರಮ್ಮನ ಗೋಡೆ ದಾಟುವಾಗ ನಮ್ಮನೆಯವರು ಕಾರಿನೊಳಗೆ ಕುಳಿತು ಹಾರ್ನು ಒತ್ತಿದರು, ಹಳೆಯ ಜಾಗದಲ್ಲಿ. ಗೌರಮ್ಮ ಮಲಗುವ ಹೊತ್ತು ಅದು. ಅವಳು ಬೈಯುವ ಬದಲು ಕಟ್ಟೆಗೆ ಬಂದು ನಿಂತು ನೋಡಿದಳು.

ಕಾರು ಕಿವಿ ಮಡಚಿತು. ಕಾಕಾ ತಿರುಗಿ ನಿಂತು ಹಣೆಗೆ ಕೈಯೊಯ್ದರು. ಇವರು ಇನ್ನೊಮ್ಮೆ ಒತ್ತಿದರು. ಬಿಚ್ಚಿತು.

"ಎಡಗಿವಿ ಜರಾ ಸಡಲ ಅದ," ಎಂದು ಕಾಕಾ ಅಲ್ಲಿಂದಲೇ ಕೂಗಿದರು. "ಯುಗಾದಿ ಆದಮ್ಯಾಗ ಬಂದು ಬಿಗೀತೀನಿ." ಕಂಬ ದಾಟಿ ಹೊರಳಿದರು. ಮಫ್ಲರಿನ ತುದಿಯೊಂದು ಸ್ವಲ್ಪ ಹೊತ್ತು ಕಾಣಿಸಿತು.

ನಾನು ಮೊರದಲ್ಲಿ ಉಳಿದ ಬೇಳೆ ಕೇರಿ, ತೊಳೆದು, ಕುಕ್ಕರಿಗೆ ಹಾಕಿ ಒಲೆ ಹಚ್ಚಿದೆ. ಬೇಳೆಯಲ್ಲಿ ಒಂದೂ ಕಲ್ಲು ಸಿಗಲಿಲ್ಲ, ಅದೂ ದೇವರ ದಯೆ. ಮೊದಲ ಸೀಟಿ ಕೂಗಿದಾಗ ನನಗೆ ಗೊತ್ತಿಲ್ಲದೆಯೇ ಕಿಟಕಿಯಿಂದ ಕಾರಿನ ಕಡೆ ನೋಡಿದೆ, ಮಡಚಿತೇನೋ ಎಂದು. ಎರಡೂ ಕಿವಿ ಬಿಚ್ಚಿಕೊಂಡು ಗಲ್ಲಿಯ ಕಡೆ ಮುಖ ಮಾಡಿ ನಿಂತಿತ್ತು. ಉರಿ ಸಣ್ಣ ಮಾಡಿ, ಒಗ್ಗರಣೆಗೆ ಬಳ್ಳೊಳ್ಳಿ ಸುಲಿಯಲು ಕುಳಿತೆ.